ಡನ್‌ರಾಬಿನ್ನಿನ ತೋಟವನ್ನು ಹೊಗಳುವ ಮುನ್ನ

ವಿಲಾಯಿತಿಗೆ ಹೋಗಿಬಂದು ಪ್ರವಾಸಕಥನ ಬರೆಯುವ ನಮ್ಮ ಮಹನೀಯರಲ್ಲಿ ಒಂದು ಚಾಳಿ ಬೇರೂರಿದೆ. ಕೋಟೆ ಕಂಡರೆ ಅವರ ಲೇಖನಿ ಕುಣಿಯುತ್ತದೆ; ಕೋಟೆಯ ಮಗ್ಗುಲಲ್ಲಿ ತೋಟವೂ ಒಂದಿದ್ದುಬಿಟ್ಟರೆ ಮುಗಿದೇ ಹೋಯಿತು, ನಂದನವನವೆಂದೂ ಕಿನ್ನರಲೋಕವೆಂದೂ ಪುಟಗಟ್ಟಲೆ ಹರಿಯುತ್ತದೆ. ಆ ತೋಟ ಯಾರದು, ಅದಕ್ಕೆ ಮೊದಲು ಆ ಸೀಮೆಯಲ್ಲಿ ಯಾರಿದ್ದರು, ಅವರು ಈಗೆಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಕೇಳುವ ವ್ಯವಧಾನ ಮಾತ್ರ ಇವರಿಗಿಲ್ಲ. ತಮ್ಮ ಊರಿನ ಗೌಡರ ತೆಂಗಿನ ತೋಟದ ವಿಷಯದಲ್ಲಾದರೆ ತಪ್ಪದೆ ಕೇಳುವ ಪ್ರಶ್ನೆಗಳೇ ಇವು. ಸಮುದ್ರ ದಾಟಿದ ಕೂಡಲೆ ಹೇಗೆ ಮರೆತುಹೋಗುತ್ತವೋ!

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದೇ ತೋಟವನ್ನು ತೆಗೆದುಕೊಳ್ಳುತ್ತೇನೆ. ಸ್ಕಾಟ್ಲೆಂಡಿನ ಉತ್ತರದಲ್ಲಿ, ಸದರ್ಲೆಂಡ್ ಎಂಬ ಸೀಮೆಯ ಪೂರ್ವ ಕರಾವಳಿಯಲ್ಲಿ, ಗಾಲ್ಸ್‌ಪಿ ಎಂಬ ಊರಿನ ಬಳಿ ಡನ್‌ರಾಬಿನ್ ಎಂಬ ಕೋಟೆಯಿದೆ. ಮಧ್ಯಯುಗದ ಹಳೆಯ ಬುರುಜು ಒಳಗೆ ಅಡಗಿಕೊಂಡಿದೆ. ಹೊರಗೆ ಕಾಣುವುದು ಫ್ರಾನ್ಸಿನ ಅರಮನೆಗಳ ಮಾದರಿಯ ಚೂಪು ಗೋಪುರಗಳು. ಕೊಠಡಿಗಳು ನೂರಾ ಎಂಬತ್ತೊಂಬತ್ತು. ಲಂಡನ್ನಿನ ಪಾರ್ಲಿಮೆಂಟ್ ಭವನದ ನಕ್ಷೆ ಮಾಡಿದ ಸರ್ ಚಾರ್ಲ್ಸ್ ಬ್ಯಾರಿಯೇ ಎರಡನೆಯ ಡ್ಯೂಕ್ ಆಫ್ ಸದರ್ಲೆಂಡನಿಗಾಗಿ ಈ ಕೋಟೆಯನ್ನು ಹಿಗ್ಗಿಸಿ, 1850ರಲ್ಲಿ ಅದರ ಕೆಳಗೆ ತೋಟವನ್ನು ಹಾಕಿಕೊಟ್ಟ. ವರ್ಸೇಲ್ಸ್ ಅರಮನೆಯ ತೋಟವೇ ಅದಕ್ಕೆ ಮೇಲ್ಪಂಕ್ತಿ.

ತೋಟ ಚೆನ್ನಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನಗೆ ಹೂವಿನ ಮೇಲೆ ಹಗೆ ಎಂದು ಯಾರಾದರೂ ಬರೆದಾರು. ಕೋಟೆಯಿಂದ ಕಲ್ಲಿನ ಮೆಟ್ಟಿಲು ಇಳಿಯುತ್ತ ಬಂದರೆ ಕೆಳಗೆ ಸಮುದ್ರದ ದಂಡೆಯವರೆಗೆ ಹರಡಿದ ಸಮತಟ್ಟು ನೆಲ. ಅದರಲ್ಲಿ ದುಂಡನೆಯ ಕೊಳಗಳು, ಕೊಳದ ನಡುವೆ ಕಾರಂಜಿ, ಕೊಳದ ಸುತ್ತ ಬಾಕ್ಸ್ ಗಿಡದ ಕುಳ್ಳ ಬೇಲಿ ಕಟ್ಟಿದ ಪಾತಿಗಳು. ಒಂದು ಪಾತಿಯ ಆಕಾರ ಹೈಲೆಂಡಿನ ಯೋಧರ ದುಂಡು ಗುರಾಣಿಯಂತೆ. ಮೆಟ್ಟಿಲ ಬುಡದಲ್ಲಿ ದಕ್ಷಿಣ ಅಮೆರಿಕದಿಂದ ಬಂದ ಗನ್ನೆರಾ ಗಿಡ, ಆಳಿಗಿಂತ ಎತ್ತರ, ಒಂದೊಂದು ಎಲೆಯೂ ಕೊಡೆಯಷ್ಟಗಲ. ಈಚೆಗೆ ಮರದ ಪಟ್ಟಿಗಳಿಂದ ಚೂಪು ಗೋಪುರಗಳನ್ನು ಕಟ್ಟಿ ಗುಲಾಬಿ, ಕ್ಲೆಮಾಟಿಸ್, ಸ್ವೀಟ್ ಪೀ ಬಳ್ಳಿಗಳನ್ನು ಹಬ್ಬಿಸಿದ್ದಾರೆ. ಅಷ್ಟು ಉತ್ತರದ ಚಳಿಸೀಮೆಯಲ್ಲಿ ಇಷ್ಟೆಲ್ಲ ಬೆಳೆಯುವುದಕ್ಕೆ ಬೆಚ್ಚನೆಯ ಸಮುದ್ರಪ್ರವಾಹವೂ ಗಾಳಿ ತಡೆಯುವ ಗೋಡೆ ಮರಗಳೂ ಕಾರಣ. ತೋಟಗಾರರ ಕೈಗುಣವೂ ಹೌದು. ಬ್ಯಾರಿ ಹಾಕಿದ ನಕ್ಷೆ ಇಂದಿಗೂ ಹೆಚ್ಚು ಬದಲಾಗಿಲ್ಲ.

ಆದರೆ ನೀವು ಆ ಜಗಲಿಯ ಮೇಲಿಂದ ಸಮುದ್ರವನ್ನು ನೋಡುವುದರ ಬದಲು ಒಂದು ಸಲ ಬೆನ್ನು ತಿರುಗಿಸಿ ಒಳನಾಡಿನ ಕಡೆ ಮುಖ ಮಾಡಿ. ಅಲ್ಲಿ ಸ್ಟ್ರಾತ್‌ನೇವರ್, ಕಿಲ್ಡೋನನ್ ಎಂಬ ಹೆಸರಿನ ಹೊಳೆಕಣಿವೆಗಳಿವೆ. ಅಲ್ಲಿ ಮೈಲಿಗಟ್ಟಲೆ ಹೋದರೂ ಹುಲ್ಲು, ಹೀದರ್ ಪೊದೆ, ಕಲ್ಲುಗುಡ್ಡೆ. ಮನುಷ್ಯರು ಬಲು ವಿರಳ. ಪ್ರವಾಸಿಗರು ಇದನ್ನು ‘ಪ್ರಕೃತಿಯ ಮೌನ’ ಎನ್ನುತ್ತಾರೆ. ಅದು ಪ್ರಕೃತಿಯದಲ್ಲ. ಆ ಮೌನಕ್ಕೆ ತಾರೀಖುಗಳಿವೆ.

1807ರಿಂದ 1821ರವರೆಗೆ ಈ ಕಣಿವೆಗಳ ಒಕ್ಕಲುಗಳನ್ನು ಸರದಿಯಮೇಲೆ ಎಬ್ಬಿಸಲಾಯಿತು. ಸೀಮೆಯ ಒಡತಿ ಎಲಿಜಬೆತ್, ಕೌಂಟೆಸ್ ಆಫ್ ಸದರ್ಲೆಂಡ್. ಕೂಸಾಗಿದ್ದಾಗಲೇ ತಂದೆತಾಯಿಗಳನ್ನು ಕಳೆದುಕೊಂಡು ಇಡೀ ಸೀಮೆಗೆ ವಾರಸುದಾರಳಾದವಳು. ಗಂಡ ಇಂಗ್ಲೆಂಡಿನ ಮಹಾ ಶ್ರೀಮಂತ, ಮಾರ್ಕ್ವಿಸ್ ಆಫ್ ಸ್ಟಾಫರ್ಡ್. ಸಾಯುವ ವರ್ಷ, 1833ರಲ್ಲಿ, ಮೊದಲನೆಯ ಡ್ಯೂಕ್ ಆಫ್ ಸದರ್ಲೆಂಡ್ ಎನಿಸಿಕೊಂಡ. ಇವರ ಮುಖ್ಯ ಪಾರುಪತ್ಯಗಾರ ಜೇಮ್ಸ್ ಲಾಕ್; ಸ್ಥಳದಲ್ಲಿ ನಿಂತು ಕೆಲಸ ಮಾಡಿಸಿದವರಲ್ಲಿ ಪ್ಯಾಟ್ರಿಕ್ ಸೆಲ್ಲರ್ ಎಂಬ ವಕೀಲ. ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ಅವರಿಟ್ಟ ಹೆಸರು ‘ಸುಧಾರಣೆ’. ಚರಿತ್ರೆಯ ಪುಸ್ತಕಗಳು ಈಚೆಗೆ ಬಳಸುವ ಹೆಸರು ‘ತೆರವು’. ಎರಡೂ ಕಸ ಗುಡಿಸುವವರ ಮಾತಿನ ಹಾಗಿವೆ. ನಮ್ಮ ಭಾಷೆಯಲ್ಲಿ ಇದಕ್ಕೆ ಇನ್ನೂ ಪ್ರಾಮಾಣಿಕವಾದ ಮಾತಿದೆ: ಒಕ್ಕಲೆಬ್ಬಿಸುವುದು. ಕೂತವನನ್ನು ಎಬ್ಬಿಸಿದವನೊಬ್ಬ ಇದ್ದನೆಂಬುದನ್ನು ಆ ಪದ ಮರೆಮಾಚುವುದಿಲ್ಲ.

ಕಾರಣ ಸರಳ. ಕಣಿವೆಯ ಒಕ್ಕಲು ದನ ಸಾಕಿ, ಓಟ್ಸ್ ಬಾರ್ಲಿ ಬೆಳೆದು, ಕೊಡುತ್ತಿದ್ದ ಗೇಣಿ ಅಲ್ಪ. ದಕ್ಷಿಣದಿಂದ ಬಂದ ಕುರಿಸಾಹುಕಾರರು ಅದೇ ನೆಲಕ್ಕೆ ಹೆಚ್ಚು ಕೊಡಲು ಸಿದ್ಧರಿದ್ದರು. ಉಣ್ಣೆಗೆ ಆಗ ಬೆಲೆ ಬಂದಿತ್ತು. ಆದ್ದರಿಂದ ಒಳನಾಡು ಕುರಿಗೆ, ಕಡಲ ದಂಡೆ ಮನುಷ್ಯನಿಗೆ ಎಂದು ನಕ್ಷೆಯಾಯಿತು. ಕಲ್ಲುದಂಡೆಯಲ್ಲಿ ತುಂಡು ಜಮೀನು ಕೊಟ್ಟು, ಹುಟ್ಟಿನಿಂದ ಸಮುದ್ರವನ್ನೇ ಕಾಣದ ದನಗಾಹಿಗಳಿಗೆ ಇನ್ನುಮುಂದೆ ಮೀನು ಹಿಡಿದು ಬದುಕಿರಿ ಎಂದರು.

ಹೊರಡಿಸಿದ ರೀತಿಯನ್ನೂ ಹೇಳಬೇಕು. ಅಲ್ಲಿ ಮರ ಅಪರೂಪ. ಬಡವನ ಮನೆಯಲ್ಲಿ ಬೆಲೆಬಾಳುವ ವಸ್ತುವೆಂದರೆ ಸೂರಿನ ತೊಲೆ ಜಂತಿಗಳೇ. ಕಲ್ಲು ಮಣ್ಣು ಎಲ್ಲಿಯೂ ಸಿಕ್ಕೀತು, ತೊಲೆ ಸಿಕ್ಕದು. ಹೊರಟವರು ತಿರುಗಿ ಬಂದು ಸೂರು ಹೊದಿಸಿಕೊಳ್ಳಬಾರದೆಂದು ಆ ತೊಲೆಗಳಿಗೇ ಬೆಂಕಿಯಿಟ್ಟರು. 1814ರಲ್ಲಿ ಸ್ಟ್ರಾತ್‌ನೇವರಿನ ಒಂದು ಮನೆಯಲ್ಲಿ ನೂರರ ಹತ್ತಿರದ ಮುದುಕಿಯೊಬ್ಬಳು ಹಾಸಿಗೆ ಹಿಡಿದಿದ್ದಳು. ಮನೆಗೆ ಬೆಂಕಿ ಬಿದ್ದಾಗ ಅವಳನ್ನು ಹೊರಗೆ ಹೊತ್ತು ತಂದರು. ಕೆಲವೇ ದಿನಗಳಲ್ಲಿ ಸತ್ತಳು. ಸೆಲ್ಲರನ ಮೇಲೆ ಮೊಕದ್ದಮೆಯಾಯಿತು. 1816ರ ಏಪ್ರಿಲಿನಲ್ಲಿ ಇನ್ವರ್ನೆಸ್ಸಿನ ನ್ಯಾಯಾಲಯದಲ್ಲಿ ಪಂಚಾಯಿತರು ಕುಳಿತು ನಿರ್ದೋಷಿಯೆಂದು ಬಿಟ್ಟರು. ಆ ಪಂಚಾಯಿತರಲ್ಲಿ ಬಹುಮಂದಿ ಸ್ವತಃ ಜಮೀನ್ದಾರರು. ಬಿಡುಗಡೆಯಾದ ಸೆಲ್ಲರ್ ತಾನು ತೆರವು ಮಾಡಿಸಿದ ನೆಲದಲ್ಲೇ ದೊಡ್ಡ ಕುರಿಸಾಹುಕಾರನಾಗಿ ಬಾಳಿದ. 1819ರಲ್ಲಿ ಮತ್ತೊಂದು ಸುತ್ತು. ರೋಸಲ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಡೊನಾಲ್ಡ್ ಮೆಕ್ಲೌಡ್ ಎಂಬ ಕಲ್ಲುಕೆಲಸದವನು, ರಾತ್ರಿ ದಿಣ್ಣೆಯೇರಿ ನೋಡಿದಾಗ ಇನ್ನೂರೈವತ್ತು ಮನೆಗಳು ಉರಿಯುತ್ತಿದ್ದುದನ್ನು ಎಣಿಸಿದೆನೆಂದು ಮುಂದೆ ಬರೆದಿದ್ದಾನೆ.

ಒಟ್ಟು ಎಷ್ಟು ಜನ? ಕಾರ್ಲ್ ಮಾರ್ಕ್ಸ್ ತನ್ನ ‘ಬಂಡವಾಳ’ದಲ್ಲಿ ಕೊಟ್ಟ ಲೆಕ್ಕ ಪ್ರಸಿದ್ಧವಾದದ್ದು: 1814ರಿಂದ 1820ರೊಳಗೆ ಮೂರು ಸಾವಿರ ಸಂಸಾರಗಳ ಹದಿನೈದು ಸಾವಿರ ಜನ ಎದ್ದರು, ಅವರಿಗೆ ದಂಡೆಯಲ್ಲಿ ಆರು ಸಾವಿರ ಎಕರೆ ಸಿಕ್ಕಿತು, 1825ರ ಹೊತ್ತಿಗೆ ಅವರ ಜಾಗದಲ್ಲಿ ಒಂದು ಲಕ್ಷದ ಮೂವತ್ತೊಂದು ಸಾವಿರ ಕುರಿಗಳು. ಸಂಖ್ಯೆಗಳ ವಿಷಯದಲ್ಲಿ ಇತಿಹಾಸಕಾರರು ಇಂದಿಗೂ ಜಗಳವಾಡುತ್ತಾರೆ. ಆಡಲಿ. ಸಾವಿರಾರು ಜನ ಎದ್ದರೆಂಬುದನ್ನು ಸದರ್ಲೆಂಡ್ ಮನೆತನದ ವಕಾಲತ್ತು ವಹಿಸಿದವರೂ ಅಲ್ಲಗಳೆದಿಲ್ಲ.

ಇಷ್ಟನ್ನು ಹೇಳಿದೊಡನೆ ತೋಟಾಭಿಮಾನಿಗಳು ಎದ್ದು ನಿಲ್ಲುತ್ತಾರೆ. ಅವರ ಮೊದಲನೆಯ ವಾದ: “ತೋಟ ಹಾಕಿದ್ದು 1850ರಲ್ಲಿ, ಮಗನ ಕಾಲದಲ್ಲಿ, ಒಕ್ಕಲೆಬ್ಬಿಸಿದ್ದು ತಾಯಿತಂದೆಯರ ಕಾಲದಲ್ಲಿ. ಎರಡಕ್ಕೂ ಏನು ಸಂಬಂಧ?” ಜಮೀನು ಬಂದದ್ದು ತಂದೆತಾಯಿಯಿಂದ, ಪದವಿ ಬಂದದ್ದು ತಂದೆತಾಯಿಯಿಂದ, ಗೇಣಿ ಬಂದದ್ದು ಅವರು ಮಾಡಿಟ್ಟ ಏರ್ಪಾಡಿನಿಂದ, ಪಾಪ ಒಂದು ಮಾತ್ರ ಅವರೊಂದಿಗೇ ಮಣ್ಣಾಯಿತು ಎನ್ನುವ ವಾರಸಾಶಾಸ್ತ್ರ ಯಾವ ಕೋರ್ಟಿನಲ್ಲಿದೆಯೋ ನಾನರಿಯೆ.

ಎರಡನೆಯ ವಾದ ಇದಕ್ಕಿಂತ ಗಟ್ಟಿಯಾದದ್ದು, ಬಲ್ಲವರು ಮಾಡುವಂಥದು. ಈ ಮನೆತನದ ನಿಜವಾದ ಐಶ್ವರ್ಯ ಸದರ್ಲೆಂಡಿನದಲ್ಲ, ಇಂಗ್ಲೆಂಡಿನದು. ಸ್ಟಾಫರ್ಡ್‌ಷೈರಿನ ಜಮೀನು, ಬ್ರಿಜ್‌ವಾಟರ್ ಕಾಲುವೆಯ ವರಮಾನ. ಆ ಹಣವನ್ನು ತಂದು ಈ ಬಡ ಸೀಮೆಯಲ್ಲಿ ಸುರಿದರು. ರಸ್ತೆ ಹಾಕಿಸಿದರು, ಸಮುದ್ರದ ತೋಳಿಗೆ ಅಡ್ಡಲಾಗಿ ಏರಿ ಕಟ್ಟಿಸಿದರು, ಹೆಲ್ಮ್ಸ್‌ಡೇಲಿನಲ್ಲಿ ಹೆರಿಂಗ್ ಮೀನುಗಾರಿಕೆಗೆ ಬಂದರು ಮಾಡಿಸಿದರು, ಬ್ರೋರಾದಲ್ಲಿ ಕಲ್ಲಿದ್ದಲು ತೋಡಿಸಿದರು, 1819ರಲ್ಲಿ ಕ್ಲೈನ್‌ಲಿಷ್ ಎಂಬಲ್ಲಿ ವಿಸ್ಕಿ ಭಟ್ಟಿಯನ್ನೂ ಹಾಕಿಸಿದರು. ಆದ್ದರಿಂದ ಒಕ್ಕಲನ್ನು ಹಿಂಡಿ ತೋಟ ಮಾಡಿದರೆನ್ನುವುದು ಅನ್ಯಾಯ ಎನ್ನುತ್ತಾರೆ.

ಸಂಗತಿಗಳೆಲ್ಲ ನಿಜ. ಆದರೆ ಅವು ಯಾರ ಪಕ್ಷಕ್ಕೆ ಸಾಕ್ಷಿ ನುಡಿಯುತ್ತವೆಂಬುದನ್ನು ಈ ಪಂಡಿತರು ಯೋಚಿಸಿಲ್ಲ. ಹಸಿದವನು ಕದ್ದರೆ ಒಂದು ಮಾತು. ಕಾಲುವೆಯ ಹಣ ಕೊಳೆಯುತ್ತಿದ್ದವರು ಗೇಣಿಯ ನಾಲ್ಕು ಕಾಸಿನ ಹೆಚ್ಚಳಕ್ಕಾಗಿ ಇಷ್ಟು ಸಂಸಾರಗಳನ್ನು ಕಿತ್ತರೆಂದರೆ, ಅದು ಅಗತ್ಯದಿಂದ ಮಾಡಿದ್ದಲ್ಲ, ಅಭಿರುಚಿಯಿಂದ ಮಾಡಿದ್ದು. ಲಾಕ್ ಮಹಾಶಯನು 1820ರಲ್ಲಿ ಪ್ರಕಟಿಸಿದ ‘ಸುಧಾರಣೆ’ಗಳ ಪುಸ್ತಕದಲ್ಲಿ ಭೂಪಟಗಳಿವೆ, ಹೊಸ ಕಟ್ಟಡಗಳ ಅಂದವಾದ ನಕ್ಷೆಗಳಿವೆ. ಮನುಷ್ಯನೆಲ್ಲಿರಬೇಕು, ಕುರಿಯೆಲ್ಲಿರಬೇಕು, ರಸ್ತೆ ಎಲ್ಲಿ ಹಾಯಬೇಕು ಎಂಬುದೆಲ್ಲ ಕೋಣೆಯೊಳಗೆ ಕುಳಿತು ಎಳೆದ ಗೆರೆ. ಮುಂದೆ ಬ್ಯಾರಿ ತೋಟಕ್ಕೆ ಮಾಡಿದ್ದೂ ಅದನ್ನೇ: ಇಲ್ಲಿ ಕೊಳ, ಇಲ್ಲಿ ಹಾದಿ, ಈ ಗಿಡ ಈ ಬೇಲಿಯೊಳಗೆ, ಗೆರೆ ಮೀರಿ ಬೆಳೆದದ್ದನ್ನು ಕತ್ತರಿಸುವುದು. ಬಾಕ್ಸ್ ಗಿಡಕ್ಕೆ ನೋವಿಲ್ಲ, ಕತ್ತರಿಸಬಹುದು. ಅದೇ ಕತ್ತರಿಯನ್ನು ಮೊದಲು ಕಿಲ್ಡೋನನ್ನಿನ ಒಕ್ಕಲಿನ ಮೇಲೆ ಆಡಿಸಿದ್ದರು. ತೋಟವೊಂದು, ತೆರವು ಇನ್ನೊಂದು ಎಂದು ನಾನು ಒಪ್ಪಲಾರೆ. ಅರಮನೆಯ ಗೋಡೆಯಿಂದ ಉತ್ತರ ಸಮುದ್ರದವರೆಗೆ ಇಡೀ ಸೀಮೆಯೇ ಆ ಮನೆತನದ ನಕ್ಷೆ, ಕೋಟೆಯ ಕೆಳಗಿನ ಹೂಪಾತಿ ಅದರ ಒಂದು ಮೂಲೆ.

ಇಲ್ಲಿಯೇ ಸರ್ಕಾರದ ಪಟ್ಟಿಯ ಮಾತು ಬರುತ್ತದೆ. ಸ್ಕಾಟ್ಲೆಂಡಿನಲ್ಲಿ 1987ರಿಂದ ಚಾರಿತ್ರಿಕ ತೋಟಗಳ ಮತ್ತು ನಕ್ಷೆ ಹಾಕಿ ರೂಪಿಸಿದ ಭೂದೃಶ್ಯಗಳ ಒಂದು ರಾಷ್ಟ್ರೀಯ ಪಟ್ಟಿಯಿದೆ. ಈಗ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಎಂಬ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಡನ್‌ರಾಬಿನ್ ಅದರಲ್ಲಿ ಸೇರಿದೆ. ಪ್ರತಿ ತೋಟಕ್ಕೂ ಕಲಂವಾರು ಬೆಲೆ ಕಟ್ಟುತ್ತಾರೆ: ಕಲಾಕೃತಿಯಾಗಿ ಎಷ್ಟು, ಚರಿತ್ರೆಯ ದೃಷ್ಟಿಯಿಂದ ಎಷ್ಟು, ತೋಟಗಾರಿಕೆಯಲ್ಲಿ, ವಾಸ್ತುವಿನಲ್ಲಿ, ದೃಶ್ಯಸೌಂದರ್ಯದಲ್ಲಿ, ಪ್ರಾಣಿಪಕ್ಷಿಗಳ ರಕ್ಷಣೆಯಲ್ಲಿ, ಪುರಾತತ್ತ್ವದಲ್ಲಿ ಎಷ್ಟೆಷ್ಟು ಎಂದು. ಪಟ್ಟಿ ಒಳ್ಳೆಯದೇ; ಇಂಥದೊಂದು ಇಲ್ಲದಿದ್ದರೆ ಎಷ್ಟೋ ಹಳೆಯ ತೋಟಗಳು ಮನೆಕಟ್ಟುವವರ ಪಾಲಾಗುತ್ತಿದ್ದುವು. ಆದರೆ ಈ ಭೂದೃಶ್ಯವನ್ನು ರೂಪಿಸುವುದಕ್ಕಾಗಿ ಎಷ್ಟು ಒಲೆ ಆರಿದುವು ಎಂಬುದಕ್ಕೆ ಪ್ರತ್ಯೇಕವಾಗಿ ಒಂದು ಕಲಂ ಇಲ್ಲ. ‘ಚರಿತ್ರೆ’ಯ ಕಲಮಿನೊಳಗೆ ಅದೂ ಬಂತಲ್ಲ ಎಂದು ಸಮಾಧಾನ ಹೇಳಬಹುದು. ಚಕ್ರವರ್ತಿನಿ ವಿಕ್ಟೋರಿಯಾ 1872ರಲ್ಲಿ ಬಂದು ತಂಗಿದ್ದೂ ಚರಿತ್ರೆ, ಡ್ಯೂಕನಿಗಾಗಿಯೇ ಖಾಸಗಿ ರೈಲ್ವೆ ನಿಲ್ದಾಣ ಕಟ್ಟಿದ್ದೂ ಚರಿತ್ರೆ, ರೋಸಲಿನ ಬೂದಿಯೂ ಚರಿತ್ರೆ. ಎಲ್ಲವನ್ನೂ ಒಂದೇ ಗೋಣಿಗೆ ತುಂಬಿದರೆ ಮೇಲೆ ಕಾಣುವುದು ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

“ಆ ಕಾಲವೇ ಹಾಗಿತ್ತು, ಇಂದಿನ ಕಣ್ಣಿನಿಂದ ಅಳೆಯಬೇಡಿ” ಎಂಬುದು ಮೂರನೆಯ ವಾದ. ನಮ್ಮಲ್ಲಿಯೂ ಇದು ಎಲ್ಲ ರೋಗಕ್ಕೂ ಕೊಡುವ ಕಷಾಯ. ನಾನು ಅಂದಿನ ಕಣ್ಣಿನಿಂದಲೇ ಅಳೆಯುತ್ತಿದ್ದೇನೆ. 1813ರಲ್ಲಿ ಕಿಲ್ಡೋನನ್ನಿನ ಜನ ನೆಲ ಅಳೆಯಲು ಬಂದವರನ್ನು ಓಡಿಸಿದರು. ಅವರನ್ನು ಬಗ್ಗಿಸಲು ಸೈನ್ಯ ಕರೆಸಬೇಕಾಯಿತು. ಅವರಲ್ಲಿ ಒಂದು ಗುಂಪು ಕೆನಡಾದ ರೆಡ್ ರಿವರ್ ಕಡೆಗೆ ಹಡಗು ಹತ್ತಿತು. ಮೆಕ್ಲೌಡ್ 1840ರ ಸುಮಾರಿನಲ್ಲಿ ಎಡಿನ್‌ಬರೋದ ವಾರಪತ್ರಿಕೆಗೆ ಪತ್ರದ ಮೇಲೆ ಪತ್ರ ಬರೆದ. ಅನ್ಯಾಯವೆಂದು ಅಂದೇ ಕೂಗಿದವರಿದ್ದರು. ಕೇಳದವರಿಗೆ ‘ಕಾಲ’ದ ನೆಪ ಕೊಟ್ಟು ಬಿಡುವುದಾದರೆ ಕೂಗಿದವರು ಯಾವ ಕಾಲದವರು, ಸ್ವಾಮಿ?

ಪರಸ್ಥಳದಿಂದ ಬಂದು ಹೊಗಳುವ ಚಾಳಿಯೂ ಅಂದಿನಿಂದಲೇ ಇದೆ ಎನ್ನುವುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಎರಡನೆಯ ಡ್ಯೂಕನ ಹೆಂಡತಿ ಹ್ಯಾರಿಯೆಟ್ ಅಮೆರಿಕದ ನೀಗ್ರೋ ಗುಲಾಮರಿಗಾಗಿ ಕಣ್ಣೀರಿಟ್ಟ ಸಾಧ್ವಿ. ಅವಳ ಲಂಡನ್ನಿನ ಮಹಲಿನಲ್ಲಿ ಕುಲೀನ ಹೆಂಗಸರು ಸೇರಿ ಗುಲಾಮಗಿರಿಯ ವಿರುದ್ಧ ಅಮೆರಿಕದ ಸೋದರಿಯರಿಗೆ ಬಿನ್ನವತ್ತಳೆ ಬರೆದರು. ‘ಅಂಕಲ್ ಟಾಮ್ಸ್ ಕ್ಯಾಬಿನ್’ ಬರೆದ ಹ್ಯಾರಿಯೆಟ್ ಬೀಚರ್ ಸ್ಟೋವ್‌ಗೆ 1853ರಲ್ಲಿ ಅಲ್ಲಿಯೇ ಸತ್ಕಾರವಾಯಿತು. ಅದೇ ವರ್ಷ ಮಾರ್ಕ್ಸ್ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ, ಸ್ವಂತ ಸೀಮೆಯ ಒಕ್ಕಲನ್ನು ಹೀಗೆ ಕಿತ್ತ ಮನೆತನಕ್ಕೆ ಗುಲಾಮರ ಮಾತಾಡುವ ಹಕ್ಕೆಲ್ಲಿಯದು ಎಂದು ಚಾಟಿ ಬೀಸಿದ. ಸ್ಟೋವಮ್ಮ ಮಾತ್ರ 1854ರಲ್ಲಿ ಪ್ರಕಟಿಸಿದ ತನ್ನ ಪ್ರವಾಸದ ಪುಸ್ತಕದಲ್ಲಿ ಲಾಕ್ ಕೊಟ್ಟ ಲೆಕ್ಕಪತ್ರಗಳನ್ನು ನಂಬಿ, ಸದರ್ಲೆಂಡಿನಲ್ಲಿ ನಡೆದದ್ದು ಲೋಕಕಲ್ಯಾಣವೆಂದು ಷರಾ ಬರೆದುಬಿಟ್ಟಳು. ಗುಲಾಮನ ಗುಡಿಸಲಿನೊಳಗೆ ಹೊಕ್ಕು ನೋಡಿದ ಆ ಕಣ್ಣಿಗೆ ಡಚೆಸ್ಸಳ ಮಹಲಿನಲ್ಲಿ ಪೊರೆ ಬಂತು. ಅಷ್ಟು ಹೊತ್ತಿಗೆ ಕೆನಡಾ ಸೇರಿದ್ದ ಮುದುಕ ಮೆಕ್ಲೌಡ್ ಅವಳ ಪುಸ್ತಕದ ಹೆಸರಿನ ‘ಬಿಸಿಲ’ನ್ನು ಅಣಕಿಸಿ, ‘ಮಂಕು ಕವಿದ ನೆನಪುಗಳು’ ಎಂಬರ್ಥದ ಹೆಸರಿಟ್ಟು ತನ್ನ ಪತ್ರಗಳನ್ನು 1857ರಲ್ಲಿ ಅಲ್ಲಿಯೇ ಅಚ್ಚು ಹಾಕಿಸಿದ. ಸ್ಟೋವಳಂಥ ಸ್ಟೋವಳೇ ಅತಿಥಿಸತ್ಕಾರಕ್ಕೆ ಸೋತ ಮೇಲೆ, ಟಿಕೇಟು ಕೊಂಡು ಎರಡು ಗಂಟೆ ತಿರುಗಿಬರುವ ನಮ್ಮವರನ್ನು ಎಷ್ಟೆಂದು ಬೈಯಲಿ!

ಇದು ನಮಗೆ ಸಂಬಂಧಪಡದ ದೂರದ ಜಗಳವೆಂದೂ ತಿಳಿಯಬೇಕಾಗಿಲ್ಲ. ಈ ಸೀಮೆಯ ಹುಡುಗರನ್ನು ಊರೂರಿನ ಪಟ್ಟಿ ಹಿಡಿದು ಸೇರಿಸಿ ಕಟ್ಟಿದ 93ನೆಯ ಸದರ್ಲೆಂಡ್ ಹೈಲೆಂಡರ್ಸ್ ಎಂಬ ಪಡೆಯೊಂದಿತ್ತು. ಮಗನನ್ನು ಸೈನ್ಯಕ್ಕೆ ಕೊಟ್ಟರೆ ನೆಲ ಉಳಿಯುತ್ತದೆಂಬ ಭರವಸೆಯಿಂದ ಕೊಟ್ಟ ತಂದೆತಾಯಿಗಳ ಮನೆಗಳೂ ಮುಂದೆ ಉರಿದುವು. ಆ ಪಡೆ 1857ರ ನವೆಂಬರ್ 16ರಂದು ಲಕ್ನೋದಲ್ಲಿತ್ತು. ಅವಧದ ನವಾಬ ವಾಜಿದ್ ಅಲಿ ಷಾನ ಸಿಕಂದರ್ ಬಾಗ್ ಎಂಬ ಎತ್ತರ ಗೋಡೆಯ ತೋಟಕ್ಕೆ ನುಗ್ಗಿದವರಲ್ಲಿ ಅದೂ ಮುಂದಿತ್ತು. ಒಳಗಿದ್ದ ನಮ್ಮ ಸಿಪಾಯಿಗಳಲ್ಲಿ ಎರಡು ಸಾವಿರದಷ್ಟು ಮಂದಿ ಅಲ್ಲಿಯೇ ಹತರಾದರು. ಇಂದು ಆ ನೆಲದಲ್ಲಿ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾಲಯದ ತೋಟವಿದೆ. ಲಕ್ನೋಗೆ ಹೋದವರು ಅಲ್ಲಿಯ ಗುಲಾಬಿ ನೋಡಿದ ಮೇಲೆ 1857ನ್ನೂ ನೆನೆಯುತ್ತಾರೆ, ನೆನೆದದ್ದರಿಂದ ಗುಲಾಬಿಗೇನೂ ಕುಂದು ಬಂದಿಲ್ಲ. ಡನ್‌ರಾಬಿನ್ನಿನಲ್ಲಿಯೂ ನಾನು ಕೇಳುವುದು ಇಷ್ಟನ್ನೇ.

ತೋಟದ ಮೇಲ್ಗಡೆ ಬೆನ್ ಬ್ರಾಗಿ ಎಂಬ ಬೆಟ್ಟವಿದೆ. ಅದರ ನೆತ್ತಿಯಲ್ಲಿ ಮೊದಲನೆಯ ಡ್ಯೂಕನ ಪ್ರತಿಮೆ, ಪೀಠವೂ ಸೇರಿ ನೂರು ಅಡಿ. 1837ರಲ್ಲಿ ನಿಲ್ಲಿಸಿದ್ದು; ಒಕ್ಕಲುಗಳೂ ಸ್ನೇಹಿತರೂ ಕೂಡಿ ನಿಲ್ಲಿಸಿದರೆಂದು ಅದರ ಮೇಲೆ ಕೆತ್ತಿದೆ. ಪಾರುಪತ್ಯಗಾರನು ಬಾಗಿಲಿಗೆ ಬಂದು ಚಂದಾ ಕೇಳಿದಾಗ ಒಕ್ಕಲು ಎಷ್ಟು ಸಂತೋಷದಿಂದ ಕೊಡುತ್ತಾನೆಂಬುದು ಹಳ್ಳಿಯಲ್ಲಿ ಹುಟ್ಟಿದವರಿಗೆ ಗೊತ್ತು. ಈ ಪ್ರತಿಮೆಯನ್ನು ಒಡೆದುಹಾಕಬೇಕೆಂದು 1994ರಲ್ಲಿ ಒಂದು ಬೇಡಿಕೆಯೆದ್ದಿತ್ತು. ಆಮೇಲೂ ರಾತ್ರಿಹೊತ್ತು ಪೀಠದ ಕಲ್ಲುಗಳನ್ನು ಕಿತ್ತವರುಂಟು. ಒಡೆಯುವುದು ನನಗೆ ಸಮ್ಮತವಲ್ಲ. ಆತ ಅಲ್ಲೇ ನಿಂತಿರಲಿ. ಅವನಿರುವವರೆಗೆ ಬಂದವರು ‘ಇವನಾರು?’ ಎಂದಾದರೂ ಕೇಳುತ್ತಾರೆ. ತೋಟವನ್ನೂ ಯಾರೂ ಅಗೆದುಹಾಕಬೇಕಾಗಿಲ್ಲ. ನನ್ನ ಜಗಳ ಗಿಡಗಳೊಡನೆ ಅಲ್ಲ, ಗಿಡಗಳನ್ನು ಮುಂದಿಟ್ಟುಕೊಂಡು ಬರೆಯುವವರೊಡನೆ.

ಕೋಟೆಯ ತೋಟದಲ್ಲಿ 1732ರ ಒಂದು ಬೇಸಗೆಮನೆಯಿದೆ. ಈಗ ಅದೊಂದು ಮ್ಯೂಜಿಯಂ: ಮನೆತನದವರು ದೇಶದೇಶಗಳಲ್ಲಿ ಬೇಟೆಯಾಡಿ ತಂದ ಪ್ರಾಣಿಗಳ ತಲೆಗಳು ಗೋಡೆಯ ತುಂಬ, ಕೆಳಗೆ ಪ್ರಾಚೀನ ಪಿಕ್ಟ್ ಜನಾಂಗದ ಕೆತ್ತನೆಯ ಕಲ್ಲುಗಳು. ಸಾವಿರ ವರ್ಷದ ಹಿಂದಿನ ಜನರ ಕಲ್ಲಿಗೆ ಜಾಗವಿದೆ, ಸತ್ತ ಮೃಗಗಳಿಗೆ ಜಾಗವಿದೆ. ಇನ್ನೂರು ವರ್ಷದ ಹಿಂದಿನ ಒಕ್ಕಲಿನ ಊರು, ಹೆಸರು, ಎಬ್ಬಿಸಿದ ತಾರೀಖು ಇವನ್ನು ಬರೆದ ಒಂದು ಹಲಗೆಯನ್ನು ತೋಟದ ಬಾಗಿಲಲ್ಲೇ, ಟಿಕೇಟು ಹರಿಯುವ ಕಡೆಯಲ್ಲೇ ನಿಲ್ಲಿಸಲಿ. ಸರ್ಕಾರದ ಪಟ್ಟಿಗೂ ಒಂದು ಕಲಂ ಸೇರಿಸಲಿ. ಜನ ತಾವಾಗಿ ಮಾಡಿದ್ದು ಇದಕ್ಕಿಂತ ದೊಡ್ಡದು. ಬೆಟ್ಟಿಹಿಲ್ ಎಂಬ ಊರಿನ ಹಳೆಯ ಚರ್ಚಿನಲ್ಲಿ ಸ್ಟ್ರಾತ್‌ನೇವರಿನ ಮ್ಯೂಜಿಯಂ ಮಾಡಿಕೊಂಡಿದ್ದಾರೆ (ಆ ಊರಿನ ಹೆಸರೇ ಕೌಂಟೆಸ್ ಎಲಿಜಬೆತ್ತಳಿಂದ ಬಂದದ್ದು, ವಿಧಿಯ ವಿನೋದ ನೋಡಿ). ಹೆಲ್ಮ್ಸ್‌ಡೇಲಿನಲ್ಲಿ ಊರು ಬಿಟ್ಟು ಹೊರಟ ಸಂಸಾರವೊಂದರ ಕಂಚಿನ ಪ್ರತಿಮೆ 2007ರಲ್ಲಿ ಎದ್ದಿದೆ. ಅದರ ಜೋಡಿ ಕೆನಡಾದ ವಿನ್ನಿಪೆಗ್ಗಿನಲ್ಲಿದೆ. ಹಿಂದೆ ಇದೇ ಮನೆತನದ ಒಡೆತನದಲ್ಲಿದ್ದ ಅಸಿಂಟ್ ಸೀಮೆಯ ಸಣ್ಣ ಹಿಡುವಳಿದಾರರು 1993ರಲ್ಲಿ ಚಂದಾ ಎತ್ತಿ ತಮ್ಮ ನೆಲವನ್ನು ತಾವೇ ಕೊಂಡುಕೊಂಡರು. ಈ ಸಲದ ಚಂದಾಕ್ಕೆ ಪಾರುಪತ್ಯಗಾರ ಬಂದಿರಲಿಲ್ಲ.

ಮುಂದಿನ ಬೇಸಗೆಯಲ್ಲಿ ಸ್ಕಾಟ್ಲೆಂಡಿಗೆ ಹೊರಡುವ ನಮ್ಮ ಪ್ರವಾಸಿ ಲೇಖಕರಿಗೆ ಆದ್ದರಿಂದ ಒಂದು ಬಿನ್ನಹ. ಡನ್‌ರಾಬಿನ್ನಿನ ಕಾರಂಜಿ ನೋಡಿ, ಗಿಡುಗ ಹಾರಿಸುವ ಆಟವನ್ನೂ ನೋಡಿ, ಚಹಾ ಕುಡಿಯಿರಿ. ಆಮೇಲೆ ಲೇರ್ಗಿನ ಮೇಲೆ, ಆಲ್ಟ್‌ನಹಾರಾ ದಾಟಿ ಉತ್ತರಕ್ಕೆ ಹೋಗುವ ಒಂಟಿ ಬಂಡಿಯ ದಾರಿ ಹಿಡಿಯಿರಿ. ಸ್ಟ್ರಾತ್‌ನೇವರಿನಲ್ಲಿ, ಅರಣ್ಯ ಇಲಾಖೆಯ ಪೈನ್ ಮರಗಳ ನಡುವೆ ಬಿಟ್ಟ ಬಯಲಿನಲ್ಲಿ, ರೋಸಲ್ ಹಳ್ಳಿಯ ನೆಲಗಟ್ಟುಗಳಿವೆ. 1962ರಲ್ಲಿ ಹೊರೇಸ್ ಫೇರ್‌ಹರ್ಸ್ಟ್ ಎಂಬ ವಿದ್ವಾಂಸನು ಅಗೆದು ಅಳೆದು ಗುರುತಿಸಿದ ಮನೆಗಳು, ದನದ ಕೊಟ್ಟಿಗೆಗಳು, ಧಾನ್ಯ ಒಣಗಿಸುವ ಗೂಡುಗಳು. ಬೇಲಿಯಿಲ್ಲ, ಕೊಳವಿಲ್ಲ, ಹಳೆಯ ಉಳುಮೆಯ ಸಾಲುಗಳು ಮಾತ್ರ ಹುಲ್ಲಿನ ಕೆಳಗೆ ಇನ್ನೂ ಕಾಣುತ್ತವೆ. ಅರ್ಧ ದಿನದ ಪ್ರಯಾಣ. ಎರಡನ್ನೂ ನೋಡಿಬಂದು ಒಂದೇ ಅಧ್ಯಾಯದಲ್ಲಿ ಬರೆಯಿರಿ, ನಾನು ಓದುತ್ತೇನೆ.